ಮೊದಲ 24 ಗಂಟೆಗಳ ಪಾಠ

ನಮ್ಮ ಕಾನೂನು ಕಾಲೇಜುಗಳಲ್ಲಿ ಸಂವಿಧಾನದ 21ನೇ ವಿಧಿಯ ಪಾಠ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತದೆ. 1950ರ ಎ.ಕೆ. ಗೋಪಾಲನ್ ಪ್ರಕರಣದಿಂದ ಶುರು. ಶಾಸನ ಹೇಳಿದ ವಿಧಾನ ಪಾಲನೆಯಾಗಿದ್ದರೆ ಸಾಕು, ಆ ವಿಧಾನ ನ್ಯಾಯಯುತವೇ ಎಂದು ನ್ಯಾಯಾಲಯ ಕೆದಕಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಬಹುಮತ ಅಂದು ಹೇಳಿತ್ತು. 1978ರ ಮೇನಕಾ ಗಾಂಧಿ ಪ್ರಕರಣಕ್ಕೆ ಬರುವ ಹೊತ್ತಿಗೆ ಆ ನಿಲುವು ಬಿದ್ದುಹೋಗಿ, ವ್ಯಕ್ತಿಯ ಸ್ವಾತಂತ್ರ್ಯವನ್ನು ಕಸಿಯುವ ವಿಧಾನ ನ್ಯಾಯಯುತವೂ ಸಮಂಜಸವೂ ಆಗಿರಲೇಬೇಕು ಎಂಬ ತತ್ವ ನೆಲೆಗೊಂಡಿತು. ಅಲ್ಲಿಂದ ಮುಂದೆ ಜೀವನೋಪಾಯ, ಪರಿಸರ, ಖಾಸಗಿತನ ಎಂದು ಹಕ್ಕುಗಳ ಪಟ್ಟಿ ಬೆಳೆಯುತ್ತ ಹೋಗುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಷ್ಟನ್ನೂ ಅರೆದು ಕುಡಿದು ಒಳ್ಳೆಯ ಅಂಕ ಪಡೆದವರ ಕೈಗೆ ತಾಲ್ಲೂಕು ನ್ಯಾಯಾಲಯದ ಒಂದು ರಿಮ್ಯಾಂಡ್ ಅರ್ಜಿ ಕೊಟ್ಟು, ಇದರಲ್ಲಿ ಕಾನೂನಿನ ಪ್ರಕಾರ ಇರಬೇಕಾದ ಏನೇನು ಇಲ್ಲ ಎಂದು ಕೇಳಿದರೆ ಅವರು ತಡವರಿಸುವ ಸಂಭವವೇ ಹೆಚ್ಚು. ತಪ್ಪು ಅವರದಲ್ಲ. ಮಾನವ ಹಕ್ಕು ಮತ್ತು ನಾಗರಿಕ ಸ್ವಾತಂತ್ರ್ಯದ ಕಾನೂನನ್ನು ನಾವು ತುದಿಯಿಂದ ಬುಡಕ್ಕೆ ಕಲಿಸುತ್ತಿದ್ದೇವೆ. ಅದನ್ನು ಬುಡದಿಂದಲೇ, ಅಂದರೆ ಒಬ್ಬ ಮನುಷ್ಯನನ್ನು ದಸ್ತಗಿರಿ ಮಾಡಿದ ಮೊದಲ 24 ಗಂಟೆಗಳಿಂದಲೇ ಕಲಿಸಬೇಕು ಎಂಬುದು ನನ್ನ ವಾದ.

ಈಗಿರುವ ಪಠ್ಯಕ್ರಮದ ಜೋಡಣೆಯನ್ನೇ ನೋಡಿ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಸಂವಿಧಾನ, ದಂಡ ಪ್ರಕ್ರಿಯೆ, ಸಾಕ್ಷ್ಯ ಇವೆಲ್ಲ ಕಡ್ಡಾಯ ವಿಷಯಗಳು. ಮಾನವ ಹಕ್ಕುಗಳ ಕಾನೂನು ಮಾತ್ರ ಸಂವಿಧಾನದ ಗುಂಪಿನ ಐಚ್ಛಿಕ ವಿಷಯಗಳ ಸಾಲಿನಲ್ಲಿದೆ. ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ ಒಂದೇ ನಿಯಮ ಇದರಿಂದಾಗಿ ಮೂರು ಕಡೆ ಚದುರಿಹೋಗಿದೆ. ಸಂವಿಧಾನದ ತರಗತಿಯಲ್ಲಿ ಅದು 22ನೇ ವಿಧಿಯ ಎರಡನೇ ಉಪಖಂಡ. ದಂಡ ಪ್ರಕ್ರಿಯೆಯ ತರಗತಿಯಲ್ಲಿ ಅದು ಹಿಂದಿನ ಸಂಹಿತೆಯ 57ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 58ನೇ ಕಲಂ. ಮಾನವ ಹಕ್ಕುಗಳ ಪತ್ರಿಕೆಯನ್ನು ಆಯ್ದುಕೊಂಡವರಿಗೆ ಅದೇ ವಿಷಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 9ನೇ ವಿಧಿಯಾಗಿ ಎದುರಾಗುತ್ತದೆ. ಮೂರು ಸೆಮಿಸ್ಟರ್, ಮೂವರು ಅಧ್ಯಾಪಕರು, ಮೂರು ಪ್ರಶ್ನೆಪತ್ರಿಕೆ. ಠಾಣೆಯ ಬೆಂಚಿನ ಮೇಲೆ ಕೂತಿರುವ ಮನುಷ್ಯ ಮಾತ್ರ ಒಬ್ಬನೇ. ಅವನಿಗೆ ಈ ಮೂರೂ ಒಂದೇ ಗಳಿಗೆಯಲ್ಲಿ ಬೇಕು.

ಆ 24 ಗಂಟೆಗಳಲ್ಲಿ ಕಾನೂನು ಎಷ್ಟೊಂದು ಕೆಲಸ ಇಟ್ಟಿದೆ ಎಂಬುದನ್ನು ಬಿಡಿಸಿ ನೋಡಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಮೊದಲ ಪ್ರಶ್ನೆ, ಬಂಧಿಸುವ ಅಗತ್ಯವಾದರೂ ಇತ್ತೇ ಎಂಬುದು. ನೋಟಿಸ್ ಕೊಟ್ಟು ಕರೆಸಿದ್ದರೆ ಸಾಕಾಗುತ್ತಿರಲಿಲ್ಲವೇ ಎಂದು ಪೊಲೀಸರೂ ಮ್ಯಾಜಿಸ್ಟ್ರೇಟರೂ ಯೋಚಿಸಿ, ಕಾರಣಗಳನ್ನು ದಾಖಲಿಸಬೇಕೆಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದೆ. ಬಂಧಿಸಿದ್ದೇ ಆದರೆ ದಸ್ತಗಿರಿ ಮೆಮೊ ಸಿದ್ಧವಾಗಬೇಕು. ಅದಕ್ಕೆ ಮನೆಯವರೋ ಊರಿನ ಗಣ್ಯರೊಬ್ಬರೋ ಸಾಕ್ಷಿಯಾಗಿ ರುಜು ಹಾಕಬೇಕು, ಬಂಧಿತರ ರುಜುವೂ ಇರಬೇಕು, ದಿನಾಂಕದ ಜೊತೆಗೆ ಸಮಯ ನಮೂದಾಗಬೇಕು. ಸಮಯ ಬರೆಯುವುದು ಸಣ್ಣ ವಿವರವೆಂದು ಕಾಣಬಹುದು. 24 ಗಂಟೆಯ ಎಣಿಕೆ ಶುರುವಾಗುವುದೇ ಅಲ್ಲಿಂದ. ಬಂಧುಗಳಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು. ವೈದ್ಯಕೀಯ ತಪಾಸಣೆ ಆಗಬೇಕು. ವಿಚಾರಣೆಯ ವೇಳೆ ವಕೀಲರನ್ನು ಕಾಣುವ ಅವಕಾಶ ಇರಬೇಕು. ಇವುಗಳಲ್ಲಿ ಬಹುಪಾಲು, 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಅಧ್ಯಕ್ಷರಾಗಿದ್ದ ಡಿ.ಕೆ. ಬಸು ಅವರು ಕಸ್ಟಡಿ ಸಾವುಗಳ ಬಗ್ಗೆ ಮುಖ್ಯ ನ್ಯಾಯಮೂರ್ತಿಗೆ ಬರೆದ ಪತ್ರದಿಂದ ಹುಟ್ಟಿದವು. ಹತ್ತು ವರ್ಷಗಳ ನಂತರ, 1996ರ ಡಿಸೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ 11 ಸೂಚನೆಗಳನ್ನು ಹೊರಡಿಸಿತು. ಆಮೇಲೆ ಅವು ಶಾಸನಕ್ಕೂ ಇಳಿದವು. ಬಂಧಿತರನ್ನು ಹಾಜರುಪಡಿಸಿದ ಮೊದಲ ಸಲವೇ, ನಿನಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ ಎಂದು ಮ್ಯಾಜಿಸ್ಟ್ರೇಟರು ತಿಳಿಸಬೇಕು ಎಂಬುದು ಭಾಗಲ್ಪುರದಲ್ಲಿ ವಿಚಾರಣಾಧೀನ ಕೈದಿಗಳನ್ನು ಕುರುಡಾಗಿಸಿದ ಪ್ರಕರಣದಲ್ಲಿ, 1981ರಲ್ಲಿ ಬಂದ ನಿಯಮ. ರಿಮ್ಯಾಂಡ್ ಕೊಡುವುದು ನ್ಯಾಯಾಧೀಶರು ವಿವೇಚಿಸಿ ಮಾಡಬೇಕಾದ ಕೆಲಸ, ಮೊಹರು ಒತ್ತುವ ಕೆಲಸವಲ್ಲ ಎಂದೂ ಸುಪ್ರೀಂ ಕೋರ್ಟ್ ಹೇಳಿದೆ. ಮೇನಕಾ ಗಾಂಧಿ ತೀರ್ಪಿನ ನ್ಯಾಯಯುತ ವಿಧಾನ ಎಂಬ ಮಾತಿಗೆ ಅರ್ಥ ಬರುವುದು ಈ ಕಾಗದಗಳಲ್ಲಿ. ಅವು ಇಲ್ಲದೆ ಹೋದರೆ ಆ ತತ್ವ ಯಾರ ಬೆನ್ನಿಗೂ ನಿಲ್ಲಲಾರದು.

ತೀರ್ಪು ಬಂದಾಕ್ಷಣ ಹಕ್ಕು ಬಂದಂತಲ್ಲ ಎಂಬುದಕ್ಕೆ ಜಾಮೀನಿನ ಇತಿಹಾಸಕ್ಕಿಂತ ಬೇರೆ ಸಾಕ್ಷಿ ಬೇಡ. 1978ರಲ್ಲಿ ಮಧ್ಯಪ್ರದೇಶದ ಮೋತಿರಾಂ ಎಂಬ ಗಾರೆ ಕೆಲಸಗಾರ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಜಾಮೀನು ಮಂಜೂರಾಗಿತ್ತು, ಆದರೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದ್ದರು. ಮೋತಿರಾಂ ಪರವಾಗಿ ನಿಲ್ಲಲು ಬಂದ ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಅವನ ಜಾಮೀನನ್ನು ಒಪ್ಪಿರಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ಷರತ್ತನ್ನು ಖಂಡಿಸಿ 1,000 ರೂಪಾಯಿಯ ಬಾಂಡ್ ಮೇಲೆ ಬಿಡುಗಡೆಗೆ ಆದೇಶಿಸಿದರು. ಈ ತೀರ್ಪು ಪ್ರತಿ ಪಠ್ಯಪುಸ್ತಕದಲ್ಲೂ ಇದೆ. ಆದರೂ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಅದೇ ಮಾತು ಹೇಳಬೇಕಾಗಿ ಬಂತು: ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುತ್ತಿದೆ, ಅಂಥ ಕಡೆ ಆ ಷರತ್ತು ಬೇಡ, ಜಾಮೀನು ಸಿಕ್ಕ ಒಂದು ತಿಂಗಳಲ್ಲಿ ಬಾಂಡ್ ಒದಗಿಸಲು ಆಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತನ್ನು ಸಡಿಲಿಸುವ ಬಗ್ಗೆ ನೋಡಬಹುದು. ನಡುವೆ ಕಳೆದದ್ದು 45 ವರ್ಷ. ಅಷ್ಟು ವರ್ಷ ಕಾನೂನು ಓದಿ ಹೊರಬಂದವರೆಲ್ಲ ಮೋತಿರಾಂ ಪ್ರಕರಣವನ್ನು ಪರೀಕ್ಷೆಗೆ ಓದಿದ್ದರು. ಅವರಲ್ಲಿ ಕೆಲವರು ಮ್ಯಾಜಿಸ್ಟ್ರೇಟರೂ ಆದರು. ಪಹಣಿ ಇಲ್ಲದವರು, ಊರು ಬಿಟ್ಟು ಬಂದವರು, ಶ್ಯೂರಿಟಿಗೆ ನಿಲ್ಲಬಲ್ಲ ಒಬ್ಬ ಪರಿಚಿತರೂ ಇಲ್ಲದವರು ಒಳಗೇ ಉಳಿದರು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ಶೇ 75.8. ಅವರೆಲ್ಲರೂ ಅನ್ಯಾಯವಾಗಿ ಒಳಗಿದ್ದಾರೆ ಎಂದು ಯಾರೂ ಹೇಳಲಾರರು. ಆದರೆ ನಾಲ್ವರಲ್ಲಿ ಮೂವರು ಅಪರಾಧ ಸಾಬೀತಾಗದೆ ಕಂಬಿಯ ಹಿಂದಿರುವ ದೇಶದಲ್ಲಿ, ಹಕ್ಕುಗಳ ಪಾಠ ಅಂತಿಮ ತೀರ್ಪಿನ ತತ್ವಗಳಲ್ಲೇ ಮುಗಿದುಹೋಗಬಾರದು.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ವಿಶ್ವವಿದ್ಯಾಲಯದ ಒಳಗಿನದು. ವಿಶ್ವವಿದ್ಯಾಲಯವೆಂದರೆ ಗುಮಾಸ್ತರ ತರಬೇತಿ ಕೇಂದ್ರವಲ್ಲ. ಮೆಮೊ, ಅರ್ಜಿ, ಬಾಂಡ್ ಇವನ್ನೆಲ್ಲ ವಕೀಲಿಕೆಗೆ ಇಳಿದ ಆರು ತಿಂಗಳಲ್ಲಿ ಸೀನಿಯರ್ ಬಳಿ ಕಲಿಯಬಹುದು. ಕಾಲೇಜಿನಲ್ಲಿ ಸಿಗದಿದ್ದರೆ ಮತ್ತೆಂದೂ ಸಿಗದಂಥದ್ದು ತಾತ್ವಿಕ ನೋಟ, ಆಳುವವರನ್ನು ಪ್ರಶ್ನಿಸುವ ಬೌದ್ಧಿಕ ಧೈರ್ಯ. ಈ ಮಾತಿನಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆದರೆ ಕಾರ್ಯವಿಧಾನ ಒಂದು ಕಡೆ, ತತ್ವ ಇನ್ನೊಂದು ಕಡೆ ಎಂಬ ವಿಂಗಡಣೆಯನ್ನು ಒಪ್ಪಲಾಗದು. ನಮ್ಮ ನಾಗರಿಕ ಸ್ವಾತಂತ್ರ್ಯದ ಅತಿ ದೊಡ್ಡ ತಾತ್ವಿಕ ಕಾಳಗ ನಡೆದದ್ದೇ ಕಾರ್ಯವಿಧಾನದ ಪ್ರಶ್ನೆಯ ಮೇಲೆ. ಅದರ ಒಂದು ಎಳೆ ಬೆಂಗಳೂರಿನದು.

ಪಕ್ಷಾಂತರ ತಡೆ ಮಸೂದೆಯ ಸಂಸದೀಯ ಸಮಿತಿಯ ಸಭೆಗೆಂದು 1975ರ ಜೂನ್‌ನಲ್ಲಿ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಅವರನ್ನು ತುರ್ತು ಪರಿಸ್ಥಿತಿ ಘೋಷಣೆಯಾದ ಮರುದಿನ ಬೆಳಿಗ್ಗೆ ಬಂಧಿಸಿ ಇಲ್ಲಿನ ಕೇಂದ್ರ ಕಾರಾಗೃಹಕ್ಕೆ ಸೇರಿಸಲಾಯಿತು. 14, 21 ಮತ್ತು 22ನೇ ವಿಧಿಗಳಡಿ ಯಾರೂ ನ್ಯಾಯಾಲಯದ ಮೊರೆ ಹೋಗುವಂತಿಲ್ಲ ಎಂಬ ರಾಷ್ಟ್ರಪತಿ ಆದೇಶ ಜೂನ್ 27ರಂದು ಹೊರಬಿತ್ತು. ಅವರ ಪರವಾಗಿ ಕರ್ನಾಟಕ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗಳು ದಾಖಲಾದವು. ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಅವರ ಪೀಠ ಆ ಅರ್ಜಿಗಳನ್ನು ವಿಚಾರಣೆಗೆ ಎತ್ತಿಕೊಳ್ಳಬಹುದು ಎಂದಿತು. ಮೂಲಭೂತ ಹಕ್ಕು ಅಮಾನತಿನಲ್ಲಿರಬಹುದು. ಆದರೆ ಬಂಧನದ ಆದೇಶ ಆಂತರಿಕ ಭದ್ರತಾ ಕಾಯ್ದೆ ಮೀಸಾದ ಅಕ್ಷರಕ್ಕಾದರೂ ಬದ್ಧವಾಗಿದೆಯೇ ಎಂದು ನೋಡುವ ಅಧಿಕಾರ ನ್ಯಾಯಾಲಯಕ್ಕೆ ಉಳಿದಿದೆ ಎಂಬುದು ಅಂದು ಒಂಬತ್ತು ಹೈಕೋರ್ಟ್‌ಗಳು ಬೇರೆಬೇರೆ ಬಗೆಯಲ್ಲಿ ಹೇಳಿದ ಮಾತು. 1976ರ ಏಪ್ರಿಲ್ 28ರಂದು ಎಡಿಎಂ ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಾಲ್ಕು–ಒಂದರ ಬಹುಮತದಿಂದ ಆ ಬಾಗಿಲನ್ನೂ ಮುಚ್ಚಿತು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು, ಮುಂದಿನ ವರ್ಷ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರ ಕೈತಪ್ಪಿತು. ಕರ್ನಾಟಕದ ಆ ಪೀಠದ ಇಬ್ಬರನ್ನೂ ಬೇರೆ ರಾಜ್ಯಗಳ ಹೈಕೋರ್ಟ್‌ಗಳಿಗೆ ವರ್ಗ ಮಾಡಲಾಯಿತು. ಹೈಕೋರ್ಟ್‌ಗಳು ಕೇಳಿದ ಪ್ರಶ್ನೆಯ ಸ್ವರೂಪವನ್ನು ಗಮನಿಸಬೇಕು. ಸ್ವಾತಂತ್ರ್ಯ ಎಂದರೇನು ಎಂದು ಅವು ಕೇಳಲಿಲ್ಲ. ಆದೇಶಕ್ಕೆ ರುಜು ಹಾಕಿದವರಿಗೆ ಆ ಅಧಿಕಾರ ಇತ್ತೇ, ಕಾಯ್ದೆ ಹೇಳಿದ ಷರತ್ತುಗಳು ಪಾಲನೆಯಾಗಿವೆಯೇ ಎಂದು ಕೇಳಬಹುದು ಎಂದವು. ಸರ್ಕಾರಕ್ಕೆ ಸಹಿಸಲಾಗದೆ ಹೋದದ್ದು ಇಷ್ಟು ಮಾತ್ರದ ಪ್ರಶ್ನೆಯನ್ನು. 1978ರ 44ನೇ ತಿದ್ದುಪಡಿ 21ನೇ ವಿಧಿಯನ್ನು ಅಮಾನತಿನಿಂದ ಹೊರಗಿಟ್ಟಿತು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಜಬಲ್ಪುರ ತೀರ್ಪನ್ನು ಹೆಸರಿಟ್ಟು ತಳ್ಳಿಹಾಕಿತು. ಅದು ನಡೆದದ್ದು ನಮ್ಮದೇ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ.

ಇನ್ನೊಂದು ಆಕ್ಷೇಪ ಬೀದಿಯದು, ಅದಕ್ಕೂ ಅಷ್ಟೇ ಗಂಭೀರವಾದ ಉತ್ತರ ಸಲ್ಲಬೇಕು. ಮಾನವ ಹಕ್ಕು ಎಂದರೆ ಅಪರಾಧಿಗಳ ಹಕ್ಕು, ನೊಂದವರ ಗತಿ ಏನು ಎಂದು ಜನ ಕೇಳುತ್ತಾರೆ. ಈ ಸಿಟ್ಟು ಹುಸಿಯಲ್ಲ. ದೂರು ಕೊಡಲು ಹೋಗಿ ಠಾಣೆಯಿಂದ ಬರಿಗೈಲಿ ವಾಪಸಾದವರ ಅನುಭವ ಅದರ ಹಿಂದಿದೆ. ಆದರೆ ನೊಂದವರ ಹಕ್ಕಿಗಾಗಿ ವಿಶ್ವವಿದ್ಯಾಲಯದ ಅಧ್ಯಾಪಕರು ನಡೆಸಿದ ಅತ್ಯಂತ ಪರಿಣಾಮಕಾರಿ ಹೋರಾಟ ಹುಟ್ಟಿದ್ದೂ ಪೊಲೀಸ್ ಠಾಣೆಯ ಒಳಗಿನ ಸಂಗತಿಗಳ ನಿಕಟ ಓದಿನಿಂದ. 1972ರಲ್ಲಿ ಮಹಾರಾಷ್ಟ್ರದ ಠಾಣೆಯೊಂದರಲ್ಲಿ ಆದಿವಾಸಿ ಬಾಲಕಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ಆರೋಪದಲ್ಲಿ ಇಬ್ಬರು ಪೊಲೀಸರು ಸುಪ್ರೀಂ ಕೋರ್ಟ್‌ನಲ್ಲಿ ಖುಲಾಸೆಯಾದರು. ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಗಮ್ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಸುಮ್ಮನಿದ್ದಳು ಎಂಬುದನ್ನು ಒಪ್ಪಿಗೆ ಎಂದು ಓದಿದ್ದು ಹೇಗೆ, ರಾತ್ರಿ ಹೊತ್ತು ಹುಡುಗಿಯನ್ನು ಠಾಣೆಯಲ್ಲಿ ಇರಿಸಿಕೊಂಡದ್ದನ್ನು ನ್ಯಾಯಾಲಯ ಖಂಡಿಸಲಿಲ್ಲವೇಕೆ ಎಂದು ಅವರು ಕೇಳಿದ್ದರು. ದೇಶದ ಮಹಿಳಾ ಚಳವಳಿಗೆ ಕಾವು ಕೊಟ್ಟ ಆ ಪತ್ರದ ನಂತರ, 1983ರಲ್ಲಿ ಕಸ್ಟಡಿ ಅತ್ಯಾಚಾರದ ಬಗ್ಗೆ ಕಾನೂನಿಗೆ ತಿದ್ದುಪಡಿಯಾಯಿತು. ಆರೋಪಿಯನ್ನು ಕಾಯುವ ನಿಯಮವೂ ದೂರುದಾರರನ್ನು ಕಾಯುವ ನಿಯಮವೂ ಠಾಣೆಯ ಒಂದೇ ಕೋಣೆಗೆ ಅನ್ವಯಿಸುತ್ತವೆ. ಪೊಲೀಸರ ಪಾಲಿಗೂ ಈ ನಿಯಮಗಳು ಅಡ್ಡಗಾಲಲ್ಲ. 2023ರಲ್ಲಿ ದೆಹಲಿಯಲ್ಲಿ ಪತ್ರಕರ್ತ ಪ್ರಬೀರ್ ಪುರಕಾಯಸ್ಥ ಅವರನ್ನು ಬೆಳಗಿನ ಆರು ಗಂಟೆಗೂ ಮುಂಚೆ, ಅವರ ವಕೀಲರಿಗೆ ತಿಳಿಸದೆ ನ್ಯಾಯಾಧೀಶರ ಮನೆಯಲ್ಲಿ ಹಾಜರುಪಡಿಸಿ ರಿಮ್ಯಾಂಡ್ ಪಡೆಯಲಾಯಿತು. ಬಂಧನದ ಕಾರಣಗಳನ್ನು ಬರಹದಲ್ಲಿ ಕೊಟ್ಟಿರಲಿಲ್ಲ. 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ಆ ಬಂಧನವನ್ನೇ ಅಸಿಂಧು ಎಂದಿತು. ಆರೋಪ ನಿಜವೋ ಸುಳ್ಳೋ ಎಂಬ ಪ್ರಶ್ನೆಗೆ ಹೋಗುವ ಮೊದಲೇ ಒಂದು ಹಾಳೆಯ ಕೊರತೆ ತನಿಖೆ ಮುಗ್ಗರಿಸುವಂತೆ ಮಾಡಿತು.

ಮಾನವ ಹಕ್ಕುಗಳ ಪತ್ರಿಕೆಯಲ್ಲಿ ಅಂತರರಾಷ್ಟ್ರೀಯ ಭಾಗ ದೊಡ್ಡದು. 1948ರ ಸಾರ್ವತ್ರಿಕ ಘೋಷಣೆ, ಅದರ ಮೊದಲ ವಿಧಿಯಲ್ಲಿ ಎಲ್ಲ ಪುರುಷರು ಎಂಬ ಅರ್ಥ ಕೊಡಬಹುದಾಗಿದ್ದ ಮಾತನ್ನು ಎಲ್ಲ ಮಾನವರು ಎಂದು ಬದಲಿಸಲು ಕಾರಣರಾದ ಹಂಸಾ ಮೆಹ್ತಾ, ಒಡಂಬಡಿಕೆಗಳು, ಸಮಿತಿಗಳು. ಇವುಗಳನ್ನು ಕೈಬಿಡಬೇಕೆಂದು ಹೇಳುತ್ತಿಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ 1979ರಲ್ಲಿ ಭಾರತ ಸೇರಿದಾಗ ಹಾಕಿದ ಷರತ್ತುಗಳಲ್ಲಿ ಒಂದು 9ನೇ ವಿಧಿಗೆ ಸಂಬಂಧಿಸಿದ್ದು, ಅಂದರೆ ಬಂಧನಕ್ಕೆ. ಮುನ್ನೆಚ್ಚರಿಕೆ ಬಂಧನದ ನಮ್ಮ ಸಾಂವಿಧಾನಿಕ ವ್ಯವಸ್ಥೆಗೆ ಒಳಪಟ್ಟೇ ಅದನ್ನು ಒಪ್ಪುತ್ತೇವೆ, ಅಕ್ರಮ ಬಂಧನಕ್ಕೆ ಪರಿಹಾರ ಕೊಡಬೇಕೆಂಬುದು ನಮ್ಮನ್ನು ಕಟ್ಟಿಹಾಕದು ಎಂದು ಭಾರತ ಹೇಳಿತ್ತು. ಮುಂದೆ ನಮ್ಮ ನ್ಯಾಯಾಲಯಗಳೇ ಕಸ್ಟಡಿ ಸಾವುಗಳಲ್ಲಿ ಪರಿಹಾರ ಕೊಡಿಸತೊಡಗಿದಾಗ, ಆ ಷರತ್ತಿಗೆ ಈಗ ಅರ್ಥ ಉಳಿದಿಲ್ಲ ಎಂದು ಡಿ.ಕೆ. ಬಸು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ 1997ರಲ್ಲಿ ಸಹಿ ಹಾಕಿದ್ದರೂ ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಜಿನೀವಾದ ಈ ಸಂಗತಿಗಳಿಗೂ ನಮ್ಮ ಹೋಬಳಿಯ ಠಾಣೆಗೂ ನಂಟಿದೆ. ಆದರೆ ದಸ್ತಗಿರಿ ಮೆಮೊ ಏನೆಂದು ತಿಳಿದವರಿಗೇ ಅದು ಕಾಣುವುದು.

ವಿದ್ಯಾರ್ಥಿಗಳಿಂದ ಇದೆಲ್ಲ ಆದೀತೇ ಎಂಬ ಸಂಶಯಕ್ಕೆ ಒಂದು ನಿದರ್ಶನ ಸಾಕು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2013ರಲ್ಲಿ ಮರಣದಂಡನೆಗೆ ಗುರಿಯಾದವರ ಅಧ್ಯಯನ ಶುರುಮಾಡಿತು. ವಿದ್ಯಾರ್ಥಿಗಳು ಜೈಲಿನಿಂದ ಜೈಲಿಗೆ ಹೋಗಿ, ಕೈದಿಗಳ ಕುಟುಂಬಗಳನ್ನೂ ಹುಡುಕಿ ಮಾತಾಡಿಸಿದರು. ಅಂದು ಶಿಕ್ಷೆಗೆ ಒಳಗಾಗಿದ್ದ 385 ಮಂದಿಯಲ್ಲಿ 373 ಮಂದಿಯ ವಿವರ ಸಂಗ್ರಹವಾಯಿತು. ಅವರಲ್ಲಿ ಶೇ 74.1 ಮಂದಿ ಆರ್ಥಿಕವಾಗಿ ದುರ್ಬಲರು ಎಂದು 2016ರ ವರದಿ ತೋರಿಸಿತು. ಅಲ್ಲಿಯವರೆಗೆ ಊಹೆಯಾಗಿದ್ದ ಮಾತಿಗೆ ಆಧಾರ ಸಿಕ್ಕಿತು, ಮರಣದಂಡನೆಯ ಕುರಿತ ಚರ್ಚೆಯ ನೆಲೆಯೇ ಬದಲಾಯಿತು. ಅಪಾಯಗಳೂ ಇವೆ. ಕೈದಿಗಳು ವಿದ್ಯಾರ್ಥಿಗಳ ಕಲಿಕೆಗೆಂದು ಇರುವ ಮಾದರಿಗಳಲ್ಲ. ಅನನುಭವಿಯೊಬ್ಬರ ಮುಂದೆ ಆಡಿದ ಒಂದು ಮಾತು ಪ್ರಕರಣಕ್ಕೆ ಮುಳುವಾಗಬಹುದು. ಆದ್ದರಿಂದ ಪಳಗಿದ ವಕೀಲರ ಉಸ್ತುವಾರಿ, ಕೈದಿಯ ಒಪ್ಪಿಗೆ, ಆರೋಪದ ಸಂಗತಿಗಳ ಬಗ್ಗೆ ಪ್ರಶ್ನೆಯೇ ಬೇಡ ಎಂಬ ಕಟ್ಟುಪಾಡು, ಇವಿಲ್ಲದೆ ಯಾವ ಕಾಲೇಜೂ ಜೈಲಿನ ಬಾಗಿಲು ತಟ್ಟಬಾರದು.

ಭಾಷೆಯ ವಿಷಯವನ್ನು ಬಿಟ್ಟು ಈ ಚರ್ಚೆ ಪೂರ್ತಿಯಾಗದು. ಬಂಧನದ ಕಾರಣಗಳನ್ನು ಯಾವುದೇ ಅಪರಾಧವಿರಲಿ ಬರಹದಲ್ಲಿ, ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ತಕ್ಷಣ ಆಗದಿದ್ದರೆ ರಿಮ್ಯಾಂಡಿಗೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಕೈಗೆ ಸೇರಬೇಕು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕರ್ನಾಟಕದ ಕೆಳ ನ್ಯಾಯಾಲಯಗಳ ಕಾಗದಪತ್ರ ಬಹುಮಟ್ಟಿಗೆ ಕನ್ನಡದಲ್ಲಿದೆ. ಕಾನೂನು ತರಗತಿಯ ಮಾನವ ಹಕ್ಕುಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಹಳ್ಳಿಗಾಡಿನಿಂದ ಬಂದು ಕನ್ನಡದಲ್ಲೇ ಯೋಚಿಸುವ ವಿದ್ಯಾರ್ಥಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ಮಹಜರು, ಮುಚ್ಚಳಿಕೆ, ಆರೋಪಪಟ್ಟಿಗಳ ಕನ್ನಡವನ್ನು ಅವರು ಯಾವ ನಿಘಂಟೂ ಇಲ್ಲದೆ ಓದಬಲ್ಲರು. ಪಠ್ಯಕ್ರಮ ಅವರ ಈ ಬಲವನ್ನು ಕೊರತೆಯೆಂಬಂತೆ ಕಾಣುವುದು ನಿಲ್ಲಬೇಕು. ಬೆಂಗಳೂರಿನಲ್ಲಿ ಬಂಧಿತರಾಗುವ ಒಡಿಶಾದ ಅಥವಾ ಅಸ್ಸಾಂನ ಕಟ್ಟಡ ಕಾರ್ಮಿಕರಿಗೆ ಕನ್ನಡದ ಹಾಳೆ ಕೊಟ್ಟರೂ ಪ್ರಯೋಜನವಿಲ್ಲ. ಅಲ್ಲಿ ಅದೇ ವಿದ್ಯಾರ್ಥಿ ಎತ್ತಬೇಕಾದ ಆಕ್ಷೇಪ ಬೇರೆ.

ಇದನ್ನೆಲ್ಲ ಕಲಿಸುವವರು ಯಾರು ಎಂಬಲ್ಲಿ ನಿಜವಾದ ತೊಡಕು ಇದೆ. ಪೂರ್ಣಾವಧಿಯ ಕಾನೂನು ಅಧ್ಯಾಪಕರು ವಕೀಲಿಕೆ ನಡೆಸುವಂತಿಲ್ಲ. ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಪಾಠ ಮಾಡಬಹುದು. ಕಾಲೇಜಿನ ಕಾನೂನು ನೆರವು ಕೇಂದ್ರದ ಅಧ್ಯಾಪಕರು ಅದೇ ಕಾಲೇಜಿನ ಎದುರಿನ ನ್ಯಾಯಾಲಯದಲ್ಲಿ ಒಂದು ಜಾಮೀನು ಅರ್ಜಿ ನಡೆಸಲಾಗದು. ನೆರವು ಕೇಂದ್ರದ ಅಧ್ಯಾಪಕರಿಗಾದರೂ, ಸಂಬಳಕ್ಕೆ ಹೊರತಾಗಿ ಹಣ ಪಡೆಯದೆ, ಬಡ ಬಂಧಿತರ ಪರವಾಗಿ ಹಾಜರಾಗಲು ವಕೀಲರ ಪರಿಷತ್ತು ಅವಕಾಶ ಕೊಡಬೇಕು. ಅಲ್ಲಿಯವರೆಗೂ ಕೈಕಟ್ಟಿ ಕೂರಬೇಕಾಗಿಲ್ಲ. ಪರಿಷತ್ತಿನ ನಿಯಮದ ಪ್ರಕಾರ ಮೂರು ವರ್ಷದ ಕೋರ್ಸಿನವರು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು, ಅದರಲ್ಲಿ ಒಮ್ಮೆಯಾದರೂ ವಿಚಾರಣಾ ನ್ಯಾಯಾಲಯದ ವಕೀಲರ ಬಳಿ ಇರಬೇಕು. ಆ ವಾರಗಳು ದೊಡ್ಡ ಕಚೇರಿಗಳ ಪ್ರಮಾಣಪತ್ರ ಸಂಗ್ರಹಿಸುವುದರಲ್ಲಿ ಕಳೆದುಹೋಗುತ್ತಿವೆ. ಅವುಗಳಲ್ಲಿ ನಾಲ್ಕು ವಾರವನ್ನು ಜೆಎಂಎಫ್‌ಸಿ ನ್ಯಾಯಾಲಯಕ್ಕೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರ ಜೊತೆಗೆ ಮೀಸಲಿಡಲು ಹೊಸ ಕಾನೂನು ಬೇಡ, ಹೊಸ ಅನುದಾನ ಬೇಡ. ಪ್ರಾಂಶುಪಾಲರ ಒಂದು ಸುತ್ತೋಲೆ ಹೊರಟರೆ ಬರುವ ಸೆಮಿಸ್ಟರ್‌ನಲ್ಲೇ ಶುರುಮಾಡಬಹುದು.